ಹಳೆಯ ವಾಲ್ವ್ ರೇಡಿಯೋಗಳ ದೋಷಶೋಧನೆ ಮತ್ತು ದುರಸ್ತಿ
ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಇತಿಹಾಸಾಭ್ಯಾಸಿಗಳಿಗೆ ಕೆಲವು ಸೂಚನೆಗಳು

೧. ಪೀಠಿಕೆ

ಇತಿಹಾಸಕ್ಕೆ ಮೀಸಲಾದ ಸಂಚಿಕೆಯಲ್ಲಿ ರೇಡಿಯೋ ದುರಸ್ತಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಶಾಸನ, ಕಡತ, ಕೈಬರಹದ ಪ್ರತಿ, ನಾಣ್ಯ ಇವನ್ನು ಆಕರಗಳೆಂದು ನಾವು ಒಪ್ಪಿದ್ದೇವೆ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಒಂದು ಮನೆಯವರು ಏನನ್ನು ಕೇಳುತ್ತಿದ್ದರು, ಅವರ ಊರಿಗೆ ವಿದ್ಯುತ್ತು ಬಂದಿತ್ತೆ, ಬಂದಿದ್ದರೆ ಅದು ಎಷ್ಟು ಬಲವಾಗಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಒಂದು ವಸ್ತು ಮಾತ್ರ ಇನ್ನೂ ಅಟ್ಟದ ಮೇಲೆ ದೂಳು ತಿನ್ನುತ್ತ ಬಿದ್ದಿದೆ. ಅದೇ ವಾಲ್ವ್ ರೇಡಿಯೋ. ಅದನ್ನು ಓದುವ ಕ್ರಮ ನಮಗೆ ತಿಳಿದಿಲ್ಲ. ತಿಳಿಯದೆ ಕೈಯಿಟ್ಟಾಗ ಅದು ಹೇಳಬಹುದಾಗಿದ್ದ ಮಾತನ್ನು ನಾವೇ ಅಳಿಸಿಬಿಡುತ್ತೇವೆ.

ನಾವು ಆರಿಸಿಕೊಂಡ ಸೀಮೆ ಈ ಅಭ್ಯಾಸಕ್ಕೆ ತಕ್ಕುದಾಗಿದೆ. ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೂ, ಅದರ ನೆರೆಯ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಒಂದು ದಿನದ ನಡಿಗೆಯಲ್ಲಿ ಹಲವು ಸರಕಾರಗಳ ಗಡಿಗಳನ್ನು ದಾಟಬೇಕಾಗಿದ್ದ ಈ ನಾಡು ಮುಂಬಯಿ ಪ್ರಾಂತಕ್ಕೆ ಸೇರಿ, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ೧೯೯೭ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಈ ಬದಲಾವಣೆಗಳ ಕಾಲದಲ್ಲಿಯೇ ರೇಡಿಯೋ ಮನೆಗಳನ್ನು ಹೊಕ್ಕಿತು. ಧಾರವಾಡದ ಆಕಾಶವಾಣಿ ೧೯೫೦ರ ಜನವರಿ ೮ರಂದು ಆರಂಭವಾಯಿತು. ಪುಣೆಯ ಕೇಂದ್ರ ೧೯೫೩ರಲ್ಲಿ, ವಿವಿಧಭಾರತಿ ೧೯೫೭ರಲ್ಲಿ, ಸಾಂಗಲಿಯ ಕೇಂದ್ರ ೧೯೬೩ರಲ್ಲಿ ಬಂದವು. ಕನ್ನಡ ಮತ್ತು ಮರಾಠಿ ಎರಡನ್ನೂ ಬಲ್ಲ ಈ ಭಾಗದ ಕೇಳುಗನ ಮುಂದೆ ಒಂದೇ ಗುಂಡಿಯ ತಿರುವಿನಲ್ಲಿ ಎರಡು ಭಾಷೆಗಳೂ ಇದ್ದವು.

ಈ ಲೇಖನವನ್ನು ಬರೆಯುವುದಕ್ಕೆ ನಮ್ಮದೇ ಒಂದು ತಪ್ಪು ಕಾರಣವಾಯಿತೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಮನೆತನವೊಂದು ತನ್ನ ಹಿರಿಯರ ರೇಡಿಯೋವನ್ನು ನಮ್ಮ ವಿದ್ಯಾರ್ಥಿಗಳ ಪ್ರದರ್ಶನಕ್ಕಾಗಿ ಒಪ್ಪಿಸಿತು. ಅದು ಮಾತನಾಡುವುದೋ ಇಲ್ಲವೋ ನೋಡೋಣವೆಂಬ ಉತ್ಸಾಹದಲ್ಲಿ ನಾವು ಅದನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಚ್ಚಿದೆವು. ಅರ್ಧ ನಿಮಿಷ ಗುಂಯ್‌ಗುಟ್ಟಿತು, ಬಳಿಕ ಸುಟ್ಟ ಅರಗಿನ ವಾಸನೆ ಬಂದಿತು, ಹೊಗೆಯೆದ್ದಿತು. ನಾಲ್ಕು ದಶಕಗಳ ಕಾಲ ಅಟ್ಟದ ಮೇಲೆ ಕೆಡದೆ ಉಳಿದಿದ್ದ ಟ್ರಾನ್ಸ್‌ಫಾರ್ಮರ್ ನಮ್ಮ ಕೈಯಲ್ಲಿ ಸುಟ್ಟಿತು. ಹೀಗೆ ಆಗದಂತೆ ಮಾಡುವುದು ಹೇಗೆ ಎಂಬುದೇ ಪ್ರಕೃತ ಲೇಖನದ ವಿಷಯ.

೨. ಸೆಟ್ಟುಗಳ ಬಗೆಗಳು

ದುರಸ್ತಿಗೆ ಮುನ್ನ ಎದುರಿಗಿರುವುದು ಯಾವ ಬಗೆಯ ಸೆಟ್ಟು ಎಂಬುದನ್ನು ನಿರ್ಣಯಿಸಬೇಕು. ಸ್ಥೂಲವಾಗಿ ಮೂರು ಬಗೆಗಳುಂಟು.

ಮೊದಲನೆಯದು ಬ್ಯಾಟರಿ ಸೆಟ್ಟು. ವಿದ್ಯುತ್ತಿಲ್ಲದ ಹಳ್ಳಿಗಳಿಗಾಗಿ ಇದನ್ನು ಮಾಡಿದ್ದರು. ಡಿಕೆ ೯೬, ಡಿಎಫ್ ೯೬, ಡಿಎಎಫ್ ೯೬, ಡಿಎಲ್ ೯೬ ಎಂಬ ವಾಲ್ವುಗಳ ಗುಂಪು ಇದಕ್ಕೆ ಒಳ್ಳೆಯ ನಿದರ್ಶನ. ಇವುಗಳ ತಂತುಗಳನ್ನು ಕಾಯಿಸುವುದಕ್ಕೆ ಸುಮಾರು ಒಂದೂವರೆ ವೋಲ್ಟಿನ ಒಂದು ಬ್ಯಾಟರಿ, ಆನೋಡುಗಳಿಗೆ ೯೦ ವೋಲ್ಟಿನ ಇನ್ನೊಂದು ಬ್ಯಾಟರಿ ಬೇಕು. ತಿಳಿಯದವರು ೯೦ ವೋಲ್ಟನ್ನು ತಂತುಗಳಿಗೆ ಜೋಡಿಸಿದರೆ ನಾಲ್ಕು ವಾಲ್ವುಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುತ್ತವೆ.

ಎರಡನೆಯದು ಎ.ಸಿ. ಸೆಟ್ಟು. ಇದರಲ್ಲಿ ಮನೆಯ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನ ಮೂಲಕ ಒಂದೆಡೆ ೬.೩ ವೋಲ್ಟಿಗೆ ಇಳಿಸಿ, ಮತ್ತೊಂದೆಡೆ ೨೫೦ ವೋಲ್ಟಿನ ಆಸುಪಾಸಿಗೆ ತರುತ್ತಾರೆ. ಇಸಿಎಚ್ ೮೧, ಇಬಿಎಫ್ ೮೯, ಇಎಲ್ ೮೪, ಇಝಡ್ ೮೦ ಮೊದಲಾದ ‘ಇ’ಕಾರದ ವಾಲ್ವುಗಳು ಇದರ ಗುರುತು.

ಮೂರನೆಯದು ಎ.ಸಿ.-ಡಿ.ಸಿ. ಸೆಟ್ಟು. ಆ ಕಾಲದಲ್ಲಿ ಕೆಲವು ನಗರಗಳ ಭಾಗಗಳಲ್ಲಿ ಡಿ.ಸಿ. ವಿದ್ಯುತ್ತು ಇದ್ದುದರಿಂದ ಎರಡಕ್ಕೂ ಒಗ್ಗುವಂತೆ, ಟ್ರಾನ್ಸ್‌ಫಾರ್ಮರ್ ಇಲ್ಲದೆ, ಅಗ್ಗವಾಗಿ ಇದನ್ನು ರಚಿಸಿದ್ದರು. ಇದರ ವಾಲ್ವುಗಳ ಹೆಸರು ‘ಯು’ ಎಂದು ಆರಂಭವಾಗುತ್ತದೆ. ವಾಲ್ವುಗಳ ಹೀಟರುಗಳು ದೀಪಮಾಲೆಯಂತೆ ಒಂದರ ಹಿಂದೊಂದು ಪೋಣಿಸಲ್ಪಟ್ಟಿರುತ್ತವೆ. ಯುಸಿಎಚ್ ೮೧ಕ್ಕೆ ೧೯, ಯುಬಿಎಫ್ ೮೯ಕ್ಕೆ ೧೯, ಯುಬಿಸಿ ೮೧ಕ್ಕೆ ೧೪, ಯುಎಲ್ ೮೪ಕ್ಕೆ ೪೫, ಯುವೈ ೮೫ಕ್ಕೆ ೩೮, ಒಟ್ಟು ೧೩೫ ವೋಲ್ಟುಗಳು ಬೇಕು. ೨೩೦ರಲ್ಲಿ ಉಳಿದ ೯೫ ವೋಲ್ಟುಗಳನ್ನು ಒಂದು ರೆಸಿಸ್ಟರ್ ಶಾಖವಾಗಿ ಕಳೆಯುತ್ತದೆ. ಹೀಟರುಗಳಲ್ಲಿ ಹರಿಯುವ ಕರೆಂಟು ೦.೧ ಆಂಪಿಯರ್ ಆದುದರಿಂದ ಆ ರೆಸಿಸ್ಟರಿನ ಬೆಲೆ ೯೫೦ ಓಮ್ ಎಂದು ಗಣಿತ ಬಲ್ಲ ಯಾವ ವಿದ್ಯಾರ್ಥಿಯೂ ಹೇಳಬಹುದು. ಒಂದು ಹೀಟರ್ ಕಡಿದರೆ ಎಲ್ಲ ವಾಲ್ವುಗಳೂ ಆರುತ್ತವೆ.

ಈ ಮೂರನೆಯ ಬಗೆಯ ಸೆಟ್ಟಿನಲ್ಲಿ ಪ್ರಾಣಾಪಾಯವಿದೆ. ಮನೆಯ ವಿದ್ಯುತ್ತಿನ ಎರಡು ತಂತಿಗಳಲ್ಲಿ ಒಂದು ನೇರವಾಗಿ ಲೋಹದ ಚಾಸಿಗೇ ಕೂಡಿರುತ್ತದೆ. ಪ್ಲಗ್ಗನ್ನು ತಿರುವುಮುರುವಾಗಿ ಹಾಕಿದರೆ ಇಡೀ ಚಾಸಿಯಲ್ಲಿ ೨೩೦ ವೋಲ್ಟು ಇರುತ್ತದೆ. ಗುಂಡಿಯ ಸಣ್ಣ ತಿರುಪಿಗೆ ಬೆರಳು ತಾಗಿದರೂ ಸಾಕು. ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರೂ ಅನುಭವಿಗಳ ನೆರವೂ ಇಲ್ಲದೆ ಇಂಥ ಸೆಟ್ಟಿನ ಹಿಂಬದಿಯ ಹಲಗೆಯನ್ನು ತೆಗೆದು ಚಾಲೂ ಮಾಡಲಾಗದು. ಕಾಲೇಜುಗಳಲ್ಲಿ ಇದನ್ನು ನಿಯಮವಾಗಿಯೇ ಪಾಲಿಸತಕ್ಕದ್ದು.

೩. ಚಾಲೂ ಮಾಡುವ ಮುನ್ನ

ದುರಸ್ತಿಗಾರರ ಮೊದಲ ಸೂತ್ರ, ಸೆಟ್ಟನ್ನು ಚಾಲೂ ಮಾಡದಿರುವುದು. ಇದರ ಕಾರಣ ವಿದ್ಯುತ್ತನ್ನು ಸಮಗೊಳಿಸುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ರಚನೆಯಲ್ಲಿದೆ. ಅದರೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ಆಕ್ಸೈಡಿನ ಅತಿ ತೆಳುವಾದ ಪದರವೊಂದಿದೆ. ೨೫೦-೩೦೦ ವೋಲ್ಟುಗಳನ್ನು ತಡೆದು ನಿಲ್ಲಿಸುವುದು ಆ ಪದರವೇ. ಸೆಟ್ಟು ನಿತ್ಯ ಬಳಕೆಯಲ್ಲಿದ್ದರೆ ಪದರವೂ ಗಟ್ಟಿಯಾಗಿರುತ್ತದೆ. ದಶಕಗಳ ಕಾಲ ಸುಮ್ಮನಿದ್ದರೆ ಪದರ ಸವೆಯುತ್ತದೆ, ಒಳಗಿನ ದ್ರವ ಒಣಗುತ್ತದೆ. ಅಂಥ ಕಂಡೆನ್ಸರಿಗೆ ಒಮ್ಮೆಲೇ ಪೂರ್ಣ ವೋಲ್ಟೇಜು ಕೊಟ್ಟಾಗ ಅದು ತಡೆಯಲಾರದೆ ಕರೆಂಟನ್ನು ಹರಿಯಗೊಡುತ್ತದೆ, ಕಾಯುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಆ ಭಾರವನ್ನು ಹೊರಲಾರದೆ ರೆಕ್ಟಿಫಯರ್ ವಾಲ್ವೂ ಅದರ ಹಿಂದಿನ ಟ್ರಾನ್ಸ್‌ಫಾರ್ಮರೂ ಕೆಡುತ್ತವೆ. ನಮ್ಮ ಸೆಟ್ಟಿಗೆ ಆದುದು ಇದೇ.

ಆದುದರಿಂದ ಮೊದಲು ಕಣ್ಣಿನ ಪರೀಕ್ಷೆ. ಪ್ಲಗ್ಗನ್ನು ಕಿತ್ತು ದೂರವಿಡಬೇಕು. ಹಿಂಬದಿಯ ಹಲಗೆಯನ್ನು ತೆಗೆದು, ಒಂದನ್ನೂ ಕದಲಿಸದೆ, ಎಲ್ಲ ಕಡೆಯಿಂದಲೂ ಛಾಯಾಚಿತ್ರಗಳನ್ನು ತೆಗೆದುಕೊಳ್ಳಬೇಕು. ಯಾವ ಕುಳಿಯಲ್ಲಿ ಯಾವ ವಾಲ್ವಿದೆ, ಅದರ ಮೇಲೆ ಯಾವ ಮುದ್ರೆಯಿದೆ ಎಂಬುದನ್ನು ಬರೆದುಕೊಳ್ಳಬೇಕು. ಇಲಿ ಕಡಿದ ತಂತಿ, ಪುಡಿಯಾದ ರಬ್ಬರಿನ ಹೊದಿಕೆ, ಉಬ್ಬಿದ ಕಂಡೆನ್ಸರ್, ಕಪ್ಪಾದ ರೆಸಿಸ್ಟರ್, ಮೇಣ ಸೋರಿದ ಕಲೆ ಇವೆಲ್ಲ ಇಲ್ಲಿಯೇ ಕಾಣಸಿಗುತ್ತವೆ. ಡಯಲಿನ ಗಾಜನ್ನು ಮಾತ್ರ ಒರೆಸಲಾಗದು. ಅದರ ಅಕ್ಷರಗಳು ಒಳಮೈಯ ಮೇಲೆ ಮುದ್ರಿತವಾಗಿರುತ್ತವೆ. ಒದ್ದೆ ಬಟ್ಟೆ ತಾಗಿದರೆ ಸಾಕು, ಬಣ್ಣದೊಡನೆ ಊರುಗಳ ಹೆಸರೂ ಕಿತ್ತುಬರುತ್ತವೆ. ಹಾಗೆ ಹೋದುದು ಮರಳಿ ಬಾರದು.

ಬಳಿಕ ನೋಡಬೇಕಾದುದು ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ಆಯ್ಕೆಯ ಹಲಗೆ. ಅದರಲ್ಲಿ ೧೧೦, ೨೦೦, ೨೨೦, ೨೫೦ ಎಂಬಂಥ ಸ್ಥಾನಗಳಿರುತ್ತವೆ. ಈ ಚಿಕ್ಕ ಹಲಗೆಯ ಮಹತ್ತ್ವವನ್ನು ನಾವು ತಡವಾಗಿ ಅರಿತೆವು. ಊರಿನ ವಿದ್ಯುತ್ತು ದುರ್ಬಲವಾಗಿದ್ದಲ್ಲಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ೨೩೦ ವೋಲ್ಟು ೧೯೦ಕ್ಕೋ ೧೮೦ಕ್ಕೋ ಇಳಿಯುತ್ತಿದ್ದಲ್ಲಿ, ದುರಸ್ತಿಗಾರರು ತಂತಿಯನ್ನು ೨೦೦ರ ಸ್ಥಾನಕ್ಕೆ ಸರಿಸಿ ಸೆಟ್ಟಿಗೆ ಬಲ ಕೊಡುತ್ತಿದ್ದರು. ಅಂದಿನ ಮಟ್ಟಿಗೆ ಅದು ಸರಿಯಾದ ಉಪಾಯ. ಇಂದು ಅದೇ ಸ್ಥಾನದಲ್ಲಿ ಪೂರ್ಣ ೨೩೦ ವೋಲ್ಟು ಕೊಟ್ಟರೆ ಒಳಗಿನ ಎಲ್ಲ ವೋಲ್ಟೇಜುಗಳೂ ಶೇಕಡಾ ೧೫ರಷ್ಟು ಏರುತ್ತವೆ. ನಮ್ಮ ಸೆಟ್ಟಿನ ತಂತಿ ೨೦೦ರಲ್ಲಿಯೇ ಇದ್ದಿತೆಂಬುದನ್ನು ಹೊಗೆಯೆದ್ದ ಬಳಿಕ ಕಂಡೆವು. ಆ ತಂತಿಯ ಸ್ಥಾನ ಎಚ್ಚರಿಕೆಯ ಫಲಕವೂ ಆಗಿತ್ತು, ಆ ಮನೆಯ ವಿದ್ಯುತ್ತಿನ ಸ್ಥಿತಿಯನ್ನು ಹೇಳುವ ದಾಖಲೆಯೂ ಆಗಿತ್ತು. ಅದನ್ನು ಓದಿದ್ದರೆ ಎರಡೂ ಉಳಿಯುತ್ತಿದ್ದವು.

೪. ವಿದ್ಯುತ್ ಪೂರೈಕೆಯ ವಿಭಾಗ

ಇನ್ನು ಮುಂದಿನ ಮಾತು ಮುಖ್ಯವಾಗಿ ಎ.ಸಿ. ಸೆಟ್ಟಿಗೆ ಸಂಬಂಧಿಸಿದ್ದು. ನಮ್ಮ ಊರುಗಳ ವಿದ್ಯುತ್ ಕೆಲಸಗಾರರು ಬಳಸುವ ‘ಸೀರೀಸ್ ಬಲ್ಬು’ ಇಲ್ಲಿ ಅತ್ಯುತ್ತಮ ಸಾಧನ. ತಂತುವುಳ್ಳ ಹಳೆಯ ಬಗೆಯ ೬೦ ವಾಟಿನ ಬಲ್ಬೊಂದನ್ನು ಸೆಟ್ಟಿಗೆ ಹೋಗುವ ಒಂದು ತಂತಿಯ ನಡುವೆ ಸೇರಿಸಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ಣವಾಗಿ ಉರಿಯುತ್ತದೆ, ಸೆಟ್ಟು ಸುಡುವುದಿಲ್ಲ. ಮೊದಲು ಎಲ್ಲ ವಾಲ್ವುಗಳನ್ನೂ ಡಯಲ್ ದೀಪಗಳನ್ನೂ ತೆಗೆದು ಪರೀಕ್ಷಿಸಬೇಕು. ಆಗ ಬಲ್ಬು ಹೆಚ್ಚುಕಡಿಮೆ ಆರಿದಂತಿದ್ದರೆ ಟ್ರಾನ್ಸ್‌ಫಾರ್ಮರ್ ಆರೋಗ್ಯವಾಗಿದೆ. ಪ್ರಖರವಾಗಿ ಉರಿದರೆ ಟ್ರಾನ್ಸ್‌ಫಾರ್ಮರೇ ಕೆಟ್ಟಿದೆ. ಮುಂದೆ ರೆಕ್ಟಿಫಯರನ್ನು ಬಿಟ್ಟು ಉಳಿದ ವಾಲ್ವುಗಳನ್ನು ಹಾಕಿದಾಗ ಬಲ್ಬು ಮಂದವಾಗಿ ಕೆಂಪಗಾಗಬೇಕು. ರೆಕ್ಟಿಫಯರನ್ನು ಹಾಕುವುದು ಕೊನೆಗೆ, ಕಂಡೆನ್ಸರುಗಳನ್ನು ಪರೀಕ್ಷಿಸಿದ ಮೇಲೆ.

ಕಂಡೆನ್ಸರಿನ ಪರೀಕ್ಷೆಯನ್ನು ವಿದ್ಯುತ್ತಿಲ್ಲದೆಯೇ ಮಾಡಬಹುದು. ಮಲ್ಟಿಮೀಟರನ್ನು ಓಮಿನಲ್ಲಿಟ್ಟು ಹೆಚ್ಚು ವೋಲ್ಟೇಜಿನ ತಂತಿಗೂ ಚಾಸಿಗೂ ನಡುವೆ ಅಳೆದರೆ ಮೊದಲು ಕಡಿಮೆ ತೋರಿ ಮೆಲ್ಲಗೆ ಹತ್ತಾರು ಸಾವಿರ ಓಮುಗಳಿಗೆ ಏರಬೇಕು. ಕೆಲವು ನೂರರಲ್ಲಿಯೇ ನಿಂತರೆ ಮುಂದುವರಿಯಬಾರದು. ಹಳೆಯ ಕಂಡೆನ್ಸರಿಗೆ ಕಡಿಮೆ ವೋಲ್ಟೇಜಿನಿಂದ ಆರಂಭಿಸಿ ಗಂಟೆಗಟ್ಟಲೆ ಮೆಲ್ಲಗೆ ಏರಿಸಿ ಪದರವನ್ನು ಮತ್ತೆ ಕಟ್ಟುವ ವಿಧಾನವೊಂದುಂಟು. ಅದು ಸಫಲವಾದರೂ ಬಹುಕಾಲ ನಂಬುವಂತಿಲ್ಲ. ಹೊಸದನ್ನು ಹಾಕುವುದೇ ಲೇಸು. ಆದರೆ ಹಳೆಯ ಡಬ್ಬಿಯನ್ನು ಕಿತ್ತೆಸೆಯದೆ, ಅದರ ತಂತಿಗಳನ್ನು ಮಾತ್ರ ಬಿಡಿಸಿ, ಹೊಸದನ್ನು ಚಾಸಿಯ ಕೆಳಗೆ ಕೂಡಿಸಬೇಕು. ಧನ-ಋಣ ತುದಿಗಳು ಅದಲುಬದಲಾಗಬಾರದು. ಬೆಲೆ ಹೆಚ್ಚಿದ್ದರೆ ಒಳ್ಳೆಯದೆಂಬ ಭ್ರಮೆಯೂ ಬೇಡ: ಇಝಡ್ ೮೦ ವಾಲ್ವಿನ ಮುಂದಿರುವ ಮೊದಲ ಕಂಡೆನ್ಸರ್ ೫೦ ಮೈಕ್ರೋಫ್ಯಾರಡನ್ನು ಮೀರಿದರೆ ಆ ವಾಲ್ವಿಗೇ ಅಪಾಯ.

ಇನ್ನೊಂದು ಎಚ್ಚರಿಕೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಕಂಡೆನ್ಸರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಕೈಯಿಡುವ ಮುನ್ನ ತಕ್ಕ ರೆಸಿಸ್ಟರಿನ ಮೂಲಕ ಅದನ್ನು ಚಾಸಿಗೆ ಹರಿಸಿ, ಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳಬೇಕು.

೫. ಪಾಠಶೋಧನೆಯ ಕ್ರಮ

ಸೆಟ್ಟಿಗೆ ಸರಿಯಾದ ವೋಲ್ಟೇಜು ದೊರೆತ ಬಳಿಕವೂ ಅದು ಮೂಕವಾಗಿರಬಹುದು. ಆಗ ದೋಷ ಎಲ್ಲಿದೆ ಎಂದು ತಿಳಿಯಲು ಸಂಕೇತದ ದಾರಿಯನ್ನು ಅರಿತಿರಬೇಕು. ಏರಿಯಲಿನಿಂದ ಬಂದ ಸಂಕೇತವನ್ನು ಇಸಿಎಚ್ ೮೧ ವಾಲ್ವು ಸೆಟ್ಟಿನೊಳಗೇ ಹುಟ್ಟಿಸಿದ ಇನ್ನೊಂದು ಕಂಪನದೊಡನೆ ಬೆರೆಸಿ, ಎಲ್ಲ ಕೇಂದ್ರಗಳನ್ನೂ ಒಂದೇ ಮಧ್ಯಮ ಕಂಪನಾಂಕಕ್ಕೆ, ಸಾಮಾನ್ಯವಾಗಿ ೪೫೫ ಕಿಲೋಸೈಕಲ್ಲಿನ ಆಸುಪಾಸಿಗೆ, ತರುತ್ತದೆ. ಮುಂದಿನ ವಾಲ್ವು ಅದನ್ನು ವರ್ಧಿಸುತ್ತದೆ. ಡಯೋಡು ಅದರಿಂದ ಧ್ವನಿಯನ್ನು ಬೇರ್ಪಡಿಸುತ್ತದೆ. ಟ್ರಯೋಡು ಧ್ವನಿಯನ್ನು ಹಿಗ್ಗಿಸುತ್ತದೆ. ಇಎಲ್ ೮೪ ಅದಕ್ಕೆ ಬಲ ತುಂಬಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೂಲಕ ಸ್ಪೀಕರಿಗೆ ಒಪ್ಪಿಸುತ್ತದೆ.

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಸರಣಿ ಹೊಸದಾಗಿ ತೋರದು. ಒಂದು ಕಾವ್ಯದ ಪ್ರತಿಯಿಂದ ಪ್ರತಿ ಹುಟ್ಟುತ್ತ ಬರುತ್ತದೆ. ಹಲವು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವುಗಳಿಗೆ ಸಮಾನವಾದ ಮೂಲಪ್ರತಿಯಲ್ಲಿಯೇ ಆ ತಪ್ಪು ಹೊಕ್ಕಿದೆ ಎಂದು ಊಹಿಸುತ್ತೇವೆ; ಒಂದೇ ಪ್ರತಿಯಲ್ಲಿ ಕಂಡರೆ ಆ ಲಿಪಿಕಾರನ ಕೈ ತಪ್ಪಿದೆ ಎನ್ನುತ್ತೇವೆ. ರನ್ನನ ಊರೆಂದು ಮುಧೋಳವನ್ನು ನೆನೆಯುವ ನಮಗೆ ಈ ನ್ಯಾಯ ಪರಿಚಿತವೇ ಆಗಿದೆ. ರೇಡಿಯೋದಲ್ಲಿಯೂ ಇದೇ ನ್ಯಾಯ ನಡೆಯುತ್ತದೆ. ಮಧ್ಯಮ ತರಂಗ, ಹ್ರಸ್ವ ತರಂಗ, ಹಿಂಬದಿಯ ಗ್ರಾಮೋಫೋನ್ ಕುಳಿ ಈ ಮೂರರಿಂದಲೂ ಧ್ವನಿ ಬಾರದಿದ್ದರೆ ದೋಷ ಮೂರಕ್ಕೂ ಸಮಾನವಾದ ಕಡೆ, ಅಂದರೆ ಧ್ವನಿವಿಭಾಗದಲ್ಲಿದೆ. ಗ್ರಾಮೋಫೋನ್ ಕುಳಿಯಿಂದ ಧ್ವನಿ ಬಂದು ರೇಡಿಯೋ ಮಾತ್ರ ಮೂಕವಾಗಿದ್ದರೆ ದೋಷ ಡಯೋಡು ಅಥವಾ ಅದರ ಹಿಂದೆ. ಮಧ್ಯಮ ತರಂಗ ಸರಿಯಿದ್ದು ಹ್ರಸ್ವ ತರಂಗ ಮಾತ್ರ ಇಲ್ಲದಿದ್ದರೆ ಆ ತರಂಗಕ್ಕೆ ಸಂಬಂಧಿಸಿದ ಸುರುಳಿಯೋ ಸ್ವಿಚ್ಚಿನ ಸಂಪರ್ಕವೋ ಕೆಟ್ಟಿದೆ. ಸಂಕೇತ ಏರಿಯಲಿನಿಂದ ಸ್ಪೀಕರಿಗೆ ಹರಿದರೆ ಶೋಧನೆ ಸ್ಪೀಕರಿನಿಂದ ಏರಿಯಲಿನ ಕಡೆಗೆ ನಡೆಯುತ್ತದೆ.

ಧ್ವನಿವಿಭಾಗದಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷವೊಂದನ್ನು ವಿಸ್ತರಿಸಿ ಹೇಳುವೆವು. ಟ್ರಯೋಡಿನ ಆನೋಡಿಗೂ ಇಎಲ್ ೮೪ರ ಗ್ರಿಡ್ಡಿಗೂ ನಡುವೆ ಮೇಣದ ಕಾಗದದ ಸಣ್ಣ ಕಂಡೆನ್ಸರ್ ಒಂದಿರುತ್ತದೆ. ಅದು ಧ್ವನಿಯನ್ನು ದಾಟಿಸಿ ಡಿ.ಸಿ.ಯನ್ನು ತಡೆಯಬೇಕು. ಕಾಗದ ತೇವ ಹೀರಿದಾಗ ಡಿ.ಸಿ.ಯೂ ಸೋರತೊಡಗುತ್ತದೆ. ಗ್ರಿಡ್ಡು ಧನಾತ್ಮಕವಾಗಿ, ವಾಲ್ವು ಮಿತಿಮೀರಿ ದುಡಿದು, ತಾನೂ ಸವೆದು ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಕ್ಯಾಥೋಡಿನ ೧೩೫ ಓಮ್ ರೆಸಿಸ್ಟರಿನ ಮೇಲೆ ಸುಮಾರು ೭.೩ ವೋಲ್ಟು ಇದ್ದರೆ ವಾಲ್ವಿನಲ್ಲಿ ೫೪ ಮಿಲಿಯಾಂಪಿಯರ್ ಹರಿಯುತ್ತಿದೆ. ಅದು ಸರಿಯಾದ ಪ್ರಮಾಣ. ೧೧-೧೨ ವೋಲ್ಟು ತೋರಿದರೆ, ಮತ್ತು ಗ್ರಿಡ್ಡಿನಲ್ಲಿ ಶೂನ್ಯದ ಬದಲು ಧನ ವೋಲ್ಟೇಜು ಕಂಡರೆ, ಆ ಕಂಡೆನ್ಸರೇ ಅಪರಾಧಿಯೆಂದು ಮೊದಲು ಶಂಕಿಸಬೇಕು. ನೋಡಲು ಚೆನ್ನಾಗಿದ್ದರೂ ಅದನ್ನು ಬದಲಿಸುವುದೇ ವಿವೇಕ. ಇದಕ್ಕೆ ಪ್ರತಿಯಾಗಿ, ಆನೋಡಿನಲ್ಲಿ ವೋಲ್ಟೇಜೇ ಇಲ್ಲದೆ ವಾಲ್ವಿನ ಸ್ಕ್ರೀನ್ ಗ್ರಿಡ್ಡು ಕೆಂಪಗೆ ಕಾದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಒಳತಂತಿ ಕಡಿದಿದೆಯೆಂದು ಅರ್ಥ, ಕೂಡಲೇ ಆರಿಸಬೇಕು.

ಮುಂಭಾಗದ ಆಂತರಿಕ ಕಂಪನ ನಿಂತಿದೆಯೋ ಎಂಬುದನ್ನು ಉಪಕರಣಗಳಿಲ್ಲದೆಯೂ ಪರೀಕ್ಷಿಸಬಹುದು. ಧಾರವಾಡದ ಕೇಂದ್ರಕ್ಕೆ ನಿಗದಿಯಾದ ೭೬೫ ಕಿಲೋಹರ್ಟ್ಸಿಗೆ ಹಳೆಯ ಸೆಟ್ಟಿನ ಮುಳ್ಳನ್ನು ನಿಲ್ಲಿಸಿದಾಗ ಅದರ ಆಂತರಿಕ ಕಂಪನ ೭೬೫ಕ್ಕೆ ೪೫೫ನ್ನು ಕೂಡಿಸಿದ ೧೨೨೦ರಲ್ಲಿರಬೇಕು. ಪಕ್ಕದಲ್ಲಿ ಬೇರೊಂದು ರೇಡಿಯೋವನ್ನಿಟ್ಟು ೧೨೨೦ರ ಆಸುಪಾಸಿನಲ್ಲಿ ಹುಡುಕಿದರೆ, ಹಳೆಯ ಸೆಟ್ಟಿನ ಗುಂಡಿಯನ್ನು ತಿರುಗಿಸಿದಂತೆ ಹೊಸದರಲ್ಲಿ ಸಿಳ್ಳು ಅಥವಾ ಹಠಾತ್ ನಿಶ್ಶಬ್ದ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಂಡರೆ ಆಂತರಿಕ ಕಂಪನ ನಡೆಯುತ್ತಿದೆ.

ಡಯಲಿನಲ್ಲಿ ಬರೆದ ಸ್ಥಾನಕ್ಕೂ ಕೇಂದ್ರ ದೊರೆಯುವ ಸ್ಥಾನಕ್ಕೂ ವ್ಯತ್ಯಾಸ ಕಂಡಾಗ ಅವಸರದಿಂದ ದೋಷ ಹೊರಿಸಲಾಗದು. ಜಿನೀವಾದ ೧೯೭೫ರ ಒಪ್ಪಂದದಂತೆ ೧೯೭೮ರ ನವೆಂಬರಿನಲ್ಲಿ ಏಷ್ಯಾ, ಯುರೋಪು, ಆಫ್ರಿಕಗಳ ಮಧ್ಯಮ ತರಂಗ ಕೇಂದ್ರಗಳನ್ನು ಒಂಬತ್ತು ಕಿಲೋಹರ್ಟ್ಸಿನ ಅಂತರಗಳಿಗೆ ಹೊಂದಿಸಲಾಯಿತು. ಅದಕ್ಕೂ ಹಿಂದೆ ಮುದ್ರಿತವಾದ ಡಯಲು ತನ್ನ ಕಾಲದ ಸತ್ಯವನ್ನು ಹೇಳುತ್ತಿರಬಹುದು. ಅದನ್ನು ‘ಸರಿಪಡಿಸಲು’ ಸುರುಳಿಗಳ ತಿರುಪುಗಳನ್ನು ತಿರುಗಿಸುವುದು, ಹಳೆಯ ಪಾಠವನ್ನು ಇಂದಿನ ರೂಢಿಗೆ ತಿದ್ದಿದಂತೆಯೇ ಸರಿ.

೬. ಈ ಸೀಮೆಯ ವಿಶೇಷ ದೋಷಗಳು

ಊರಿನ ಕಸುಬೂ ಹವೆಯೂ ಸೆಟ್ಟಿನೊಳಗೆ ತಮ್ಮ ಗುರುತನ್ನು ಬಿಡುತ್ತವೆ. ರಬಕವಿ-ಬನಹಟ್ಟಿ ನೇಕಾರರ ಊರು. ಮಗ್ಗದ ಮನೆಯಲ್ಲಿದ್ದ ಸೆಟ್ಟಿನ ಒಳಗೆ ಹತ್ತಿಯ ನವಿರು ದೂಳು ಪದರಗಟ್ಟಿರುವುದು ಸಹಜ. ಟ್ಯೂನ್ ಮಾಡುವ ಗ್ಯಾಂಗ್ ಕಂಡೆನ್ಸರಿನ ಎಲೆಗಳ ನಡುವಿನ ಅಂತರ ಬಹಳ ಕಿರಿದು. ಅಲ್ಲಿ ನವಿರು ಸಿಕ್ಕಿ ತೇವ ಹಿಡಿದರೆ ಕೆಲವು ಕೇಂದ್ರಗಳಲ್ಲಿ ಕರಕರ ಸದ್ದು ಬರುತ್ತದೆ. ಮೆತ್ತನೆಯ ಕುಂಚದಿಂದ ದೂಳನ್ನು ತೆಗೆಯಬೇಕಲ್ಲದೆ ಎಲೆಗಳನ್ನು ಬಗ್ಗಿಸಬಾರದು. ವಿದ್ಯುತ್ ಮಗ್ಗಗಳ ಮೋಟರುಗಳು ಹತ್ತಿರದಲ್ಲಿದ್ದರೆ ಅವುಗಳ ಸ್ವಿಚ್ಚುಗಳ ಕಿಡಿ ಮಧ್ಯಮ ತರಂಗದಲ್ಲಿ ಗರಗರ ಸದ್ದಾಗಿ ಕೇಳಬರುತ್ತದೆ. ಸೆಟ್ಟನ್ನು ಬೇರೆ ಓಣಿಗೆ ಒಯ್ದು ನೋಡಿದರೆ ತಪ್ಪು ಯಾರದೆಂಬುದು ಗೊತ್ತಾಗುತ್ತದೆ.

ಕಬ್ಬಿನ ಗದ್ದೆಗಳಿಗೆ ನೀರೆತ್ತುವ ಪಂಪುಗಳು ಹೆಚ್ಚಿದ ಕಡೆಗಳಲ್ಲಿ ವೋಲ್ಟೇಜು ಇಳಿಯುವುದುಂಟು. ಹೀಟರಿಗೆ ೬.೩ರ ಬದಲು ಐದೇ ವೋಲ್ಟು ಸಿಕ್ಕಿದಾಗ ಮೊದಲು ಸೋಲುವುದು ಹ್ರಸ್ವ ತರಂಗದ ಆಂತರಿಕ ಕಂಪನ. ಹಗಲಿನಲ್ಲಿ ಚೆನ್ನಾಗಿದ್ದ ಸೆಟ್ಟು ಸಂಜೆ ಮೂಕವಾಗುತ್ತದೆ, ರಾತ್ರಿ ಎಲ್ಲರೂ ದೀಪವಾರಿಸಿದ ಮೇಲೆ ಮತ್ತೆ ಮಾತನಾಡುತ್ತದೆ. ಇಂಥ ಸೆಟ್ಟನ್ನು ದುರಸ್ತಿಯ ಅಂಗಡಿಗೆ ಹಗಲಿನಲ್ಲಿ ಒಯ್ದರೆ ಅಲ್ಲಿ ಯಾವ ದೋಷವೂ ಕಾಣುವುದಿಲ್ಲ. ರೋಗ ಸೆಟ್ಟಿನದಲ್ಲ, ಊರಿನ ತಂತಿಯದು.

ಬೀಳಗಿಯ ವಿಷಯದಲ್ಲಿ ಹೇಳಬೇಕಾದ ಮಾತು ಬೇರೆ. ಆಲಮಟ್ಟಿ ಜಲಾಶಯದ ಹಿನ್ನೀರಿನ ದೆಸೆಯಿಂದ ಈ ತಾಲ್ಲೂಕಿನ ಹಲವು ಹಳ್ಳಿಗಳು ತಮ್ಮ ಮೂಲಸ್ಥಾನವನ್ನು ಬಿಡಬೇಕಾಯಿತು. ಹೊಸ ಊರಿಗೆ ಹೊರಟ ಗಾಡಿಯಲ್ಲಿ ಬೀಸುವ ಕಲ್ಲಿಗೆ ಸ್ಥಳವಿರುತ್ತದೆ, ಕೆಟ್ಟ ರೇಡಿಯೋಕ್ಕೆ ಇರುವುದಿಲ್ಲ. ಹಾಗಾಗಿ ಅಲ್ಲಿ ಉಳಿದಿರುವ ಒಂದೊಂದು ಸೆಟ್ಟೂ ಈಗ ಇಲ್ಲದ ಮನೆಯೊಂದರ ವಸ್ತು. ಅದನ್ನು ಕೆಡಿಸಿದರೆ ಹೋಲಿಸಿ ನೋಡಲು ಆ ಮನೆಯೂ ಇಲ್ಲ.

೭. ದುರಸ್ತಿಯ ಗುರುತುಗಳು ಆಕರಗಳಾಗಿ

ಹಳೆಯ ಸೆಟ್ಟೊಂದನ್ನು ತೆರೆದಾಗ ಕಾರಖಾನೆಯ ಕೆಲಸದ ಮೇಲೆ ಹಲವು ಕೈಗಳ ಕೆಲಸ ಕಾಣುತ್ತದೆ. ಬೇರೆ ಬಣ್ಣದ ತಂತಿ, ದಪ್ಪನಾದ ಬೆಸುಗೆ, ಚಾಸಿಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ ತಾರೀಖು ಇವೆಲ್ಲ ಆ ಕೈಗಳ ಸಹಿಗಳು. ಕಾಲನಿರ್ಣಯಕ್ಕೆ ಇವು ಬಹಳ ಉಪಯುಕ್ತ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ೧೯೫೪ರಲ್ಲಿ ಸ್ಥಾಪಿತವಾಗಿ, ೧೯೬೧ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯ ಸಹಕಾರದೊಡನೆ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಪರದೇಶದ ನಾಲ್ಕು ವಾಲ್ವುಗಳ ನಡುವೆ ಆ ಸಂಸ್ಥೆಯ ಮುದ್ರೆಯುಳ್ಳ ಒಂದು ವಾಲ್ವಿದ್ದರೆ, ಆ ದುರಸ್ತಿ ೧೯೬೧ಕ್ಕಿಂತ ಹಿಂದಿನದಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಅದೇ ಸಂಸ್ಥೆ ೧೯೬೨ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ಆರಂಭಿಸಿತು; ವಾಲ್ವು ಮೂಲೆ ಸೇರಿ ಟ್ರಾನ್ಸಿಸ್ಟರ್ ಮನೆಮನೆಗೆ ಬಂದ ಕಥೆ ಅಲ್ಲಿಂದ ಮುಂದಿನದು. ಅಂಚೆ ಕಚೇರಿಯಲ್ಲಿ ನವೀಕರಿಸಬೇಕಾಗಿದ್ದ ರೇಡಿಯೋ ಲೈಸೆನ್ಸಿನ ಪುಸ್ತಕ ಸೆಟ್ಟಿನೊಡನೆ ದೊರೆತರೆ ಅದು ಚಿನ್ನಕ್ಕೆ ಸಮಾನ.

ಆದರೆ ಅತಿಯಾದ ಊಹೆಯೂ ಸಲ್ಲದು. ತರಂಗದ ಸ್ವಿಚ್ಚಿನಲ್ಲಿ ಹ್ರಸ್ವ ತರಂಗದ ಸಂಪರ್ಕ ಹೆಚ್ಚು ಸವೆದಿದ್ದರೆ, ‘ಈ ಮನೆಯವರು ರೇಡಿಯೋ ಸಿಲೋನಿನ ಚಿತ್ರಗೀತೆಗಳನ್ನೇ ಕೇಳುತ್ತಿದ್ದರು’ ಎಂದು ಬರೆಯುವ ಆಸೆಯಾಗುತ್ತದೆ. ಸ್ವಿಚ್ಚು ಎಷ್ಟು ಸಾರಿ ತಿರುಗಿತೆಂಬುದನ್ನು ಸವೆತ ಹೇಳೀತು. ಯಾವ ಕೇಂದ್ರವೆಂಬುದನ್ನು ಹೇಳಲಾರದು. ಮನೆಯವರ ಹೇಳಿಕೆಯೊಡನೆ ಕೂಡಿಸಿದಾಗ ಮಾತ್ರ ಆ ಸಾಕ್ಷ್ಯಕ್ಕೆ ಬೆಲೆ.

ಹಳೆಯ ಯಂತ್ರಗಳ ದುರಸ್ತಿಯಲ್ಲಿ ಈ ಶಿಸ್ತು ಹೊರದೇಶಗಳಲ್ಲಿಯೂ ಬೆಳೆದಿದೆ. ಅಮೆರಿಕದ ಪಿನ್‌ಬಾಲ್ ಆಟದ ಯಂತ್ರಗಳು ಇದಕ್ಕೆ ಉದಾಹರಣೆ. ನ್ಯೂಯಾರ್ಕ್ ನಗರದಲ್ಲಿ ೧೯೪೨ರಿಂದ ೧೯೭೬ರವರೆಗೆ ನಿಷಿದ್ಧವಾಗಿದ್ದ ಈ ಆಟದ ಯಂತ್ರಗಳು ೧೯೭೦ರ ದಶಕದ ಕೊನೆಯಲ್ಲಿ ರಿಲೇಗಳನ್ನು ಬಿಟ್ಟು ಎಲೆಕ್ಟ್ರಾನಿಕ್ ಹಲಗೆಗಳಿಗೆ ತಿರುಗಿದವು. ನೆನಪನ್ನು ಕಾಯಲೆಂದು ಆ ಹಲಗೆಗಳ ಮೇಲಿಟ್ಟ ಬ್ಯಾಟರಿಯೇ ಕಾಲಾಂತರದಲ್ಲಿ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಅಲ್ಲಿಯ ದುರಸ್ತಿಗಾರರೂ ಮೊದಲು ಯಂತ್ರವನ್ನು ಚಾಲೂ ಮಾಡದೆ ಬ್ಯಾಟರಿಯನ್ನು ನೋಡುತ್ತಾರೆ, ವೋಲ್ಟೇಜುಗಳನ್ನು ಅಳೆಯುತ್ತಾರೆ, ಮಾಡಿದುದನ್ನು ಬರೆದಿಡುತ್ತಾರೆ. ಹಳೆಯ ಯಂತ್ರದ ಶತ್ರು ಬಹುಮಟ್ಟಿಗೆ ಅದರೊಳಗಿನ ರಾಸಾಯನಿಕ ವಸ್ತುವೇ ಎಂಬುದು ಎರಡೂ ಕಡೆಯ ಅನುಭವ.

ನಾವು ಈಗ ಪಾಲಿಸುತ್ತಿರುವ ನಿಯಮಗಳು ಇವು. ಪ್ರತಿಯೊಂದು ಸೆಟ್ಟಿಗೂ ಒಂದು ಟಿಪ್ಪಣಿ ಪುಸ್ತಕ. ಕಿತ್ತ ಪ್ರತ್ಯೇಕ ಭಾಗಕ್ಕೆ ಚೀಟಿ ಕಟ್ಟಿ, ಅದು ಇದ್ದ ಸ್ಥಾನವನ್ನು ಬರೆದು, ಸೆಟ್ಟಿನೊಡನೆಯೇ ಲಕೋಟೆಯಲ್ಲಿ ಇಡುವುದು. ಹೊಸ ಭಾಗದ ಮೇಲೆ ಬದಲಿಸಿದ ವರ್ಷವನ್ನು ನಮೂದಿಸುವುದು. ಅಪಾಯಕಾರಿಯಾದುದನ್ನು ಮತ್ತು ಕೆಲಸಕ್ಕೆ ಅಡ್ಡಿಯಾದುದನ್ನು ಮಾತ್ರ ಬದಲಿಸುವುದು. ಚಂದಕ್ಕಾಗಿ ಏನನ್ನೂ ಬದಲಿಸದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಸೆಟ್ಟು ಮಾತನಾಡಲೇಬೇಕೆ ಎಂದು ಮೊದಲು ವಿಚಾರಿಸುವುದು. ಪೆಟ್ಟಿಗೆ, ಡಯಲು, ವಾಲ್ವುಗಳು, ಹಳೆಯ ದುರಸ್ತಿಯ ಗುರುತುಗಳು ಅಖಂಡವಾಗಿ ಉಳಿದಿರುವ ಅಪರೂಪದ ಸೆಟ್ಟನ್ನು ಹಾಗೆಯೇ ಮೂಕವಾಗಿರಗೊಡುವುದು ಲೇಸು.

೮. ಉಪಸಂಹಾರ

ಈ ವಿಷಯದಲ್ಲಿ ಕಾಲ ನಮಗೆ ಅನುಕೂಲವಾಗಿಲ್ಲ. ಸೆಟ್ಟುಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕೆ ಇರುವ ಬೆಲೆ ಅದರ ಇತಿಹಾಸಕ್ಕೆ ಇಲ್ಲ. ವಾಲ್ವಿನ ಮೇಲೆ ಕೈಯಾಡಿಸಿದ ದುರಸ್ತಿಗಾರರು ವೃದ್ಧರಾಗಿದ್ದಾರೆ. ತಂತಿಯನ್ನು ೨೦೦ರ ಸ್ಥಾನಕ್ಕೆ ಏಕೆ ಸರಿಸಿದರು, ಯಾವ ಊರಿನ ಸೆಟ್ಟುಗಳು ಯಾವ ತಿಂಗಳಲ್ಲಿ ಹೆಚ್ಚಾಗಿ ಕೆಡುತ್ತಿದ್ದವು ಎಂಬುದನ್ನು ಬಾಯಿಂದ ಹೇಳಬಲ್ಲವರು ಅವರೇ.

ಆದುದರಿಂದ ಈ ಭಾಗದ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ಅರಿಕೆ ಇಷ್ಟೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಉಳಿದಿರುವ ವಾಲ್ವ್ ಸೆಟ್ಟುಗಳ ಪಟ್ಟಿಯೊಂದನ್ನು ಮಾಡೋಣ. ಸೆಟ್ಟಿನ ಬಗೆ, ತಯಾರಕರ ಹೆಸರು, ವಾಲ್ವುಗಳ ಮುದ್ರೆ, ವೋಲ್ಟೇಜು ತಂತಿಯ ಸ್ಥಾನ, ಡಯಲಿನ ಬರಹ, ಮನೆಯವರ ನೆನಪು, ಈ ಆರು ಅಂಶಗಳನ್ನು ಬರೆದುಕೊಂಡರೆ ಸಾಕು. ಇತಿಹಾಸದ ವಿದ್ಯಾರ್ಥಿ ಭೌತಶಾಸ್ತ್ರದ ವಿದ್ಯಾರ್ಥಿಯನ್ನು ಜೊತೆಗೆ ಕರೆದೊಯ್ದರೆ ಇಬ್ಬರಿಗೂ ಲಾಭ. ಆ ನಾಲ್ಕು ಊರುಗಳ ವೋಲ್ಟೇಜು ತಂತಿಗಳ ಸ್ಥಾನಗಳನ್ನು ಒಂದೆಡೆ ಬರೆದು ನೋಡಿದ ದಿನ, ಈ ಸೀಮೆಗೆ ವಿದ್ಯುತ್ತು ಹೇಗೆ ಬಂದಿತು, ಎಲ್ಲಿ ಕುಂಟಿತು ಎಂಬುದರ ಒಂದು ನಕಾಶೆ ನಮ್ಮ ಮುಂದಿರುತ್ತದೆ. ನಾವು ಸುಟ್ಟ ಸೆಟ್ಟಿನಿಂದ ಆ ನಕಾಶೆಗೆ ದೊರೆತುದು ಒಂದೇ ಒಂದು ಬಿಂದು. ಅದನ್ನು ನಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದಿಟ್ಟಿದ್ದೇವೆ.